ಅಟ್ಟವನ್ನು ಕೋಣೆಯಾಗಿಸುವ ಕಾಮಗಾರಿಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಮನೆ ನಿರ್ಮಾಣ ಮತ್ತು ನವೀಕರಣ ಸಂಸ್ಥೆ,
ಶಿವಮೊಗ್ಗ

ವಿಷಯ: ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಅಡ್ಡತೊಲೆ ಕತ್ತರಿಸಿರುವುದು ಮತ್ತು ಪಂಚಾಯಿತಿಗೆ ತಪ್ಪು ನಕ್ಷೆ ಸಲ್ಲಿಸಿರುವುದು.

ಮಾನ್ಯರೇ,

ಅಡಿಕೆ ಮೂಟೆ ಇಡುತ್ತಿದ್ದ ನಮ್ಮ ಹೆಂಚಿನ ಮನೆಯ ಅಟ್ಟವನ್ನು ಮಗಳು ಓದಿ ಮಲಗುವಂತಹ ಕೋಣೆಯಾಗಿ ಮಾಡಿಕೊಡಲು ನೀವು ಒಪ್ಪಿದ್ದಿರಿ. ಗ್ರಾಮ ಪಂಚಾಯಿತಿಯ ಪರವಾನಗಿ ಮಾಡಿಸುವ ಹೊಣೆಯೂ ನಿಮ್ಮದೇ ಎಂದು ಅಂದಾಜು ಪಟ್ಟಿಯಲ್ಲಿ ಬರೆದು, ಅದಕ್ಕೆ ಪ್ರತ್ಯೇಕ ಹಣ ಪಡೆದಿದ್ದೀರಿ. ಕಳೆದ ವಾರ ಪಂಚಾಯಿತಿ ಕಚೇರಿಯಲ್ಲಿ ಕಡತ ತೆರೆಸಿ ನೋಡಿದೆ. ನೀವು ಕೊಟ್ಟ ನಕ್ಷೆಯಲ್ಲಿ ಆ ಜಾಗ ‘ಸಾಮಾನು ಇಡುವ ಅಟ್ಟ’. ನಮ್ಮ ಬಿಲ್ಲಿನಲ್ಲಿ ‘ಮಲಗುವ ಕೋಣೆ’, ದರವೂ ಕೋಣೆಯದ್ದೇ. ಪರವಾನಗಿಯಂತೂ ಇನ್ನೂ ಬಂದಿಲ್ಲ, ಕೆಲಸ ಮಾತ್ರ ಮುಕ್ಕಾಲು ಮುಗಿದಿದೆ.

ನಕ್ಷೆ ಬರೆಯುವವರ ಕೈತಪ್ಪು ಎಂದು ನಿಮ್ಮ ಮೇಲ್ವಿಚಾರಕರು ಹೇಳಿದರು. ನಾನು ನಂಬುವುದಿಲ್ಲ. ನೀವೇ ಪಾಲಿಸುವುದಾಗಿ ಬರೆದುಕೊಟ್ಟ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರಲ್ಲಿ, ಇಳಿಜಾರು ಮಾಡಿನ ಕೆಳಗಿನ ವಾಸದ ಕೋಣೆಗೆ ಸರಾಸರಿ 2.75 ಮೀಟರ್ ಎತ್ತರ ಇರಬೇಕೆಂದಿದೆ. ನಮ್ಮ ಅಟ್ಟದಲ್ಲಿ ಮಾಡಿನ ನೆತ್ತಿಯ ಕೆಳಗಲ್ಲದೆ ಬೇರೆಲ್ಲೂ ನೆಟ್ಟಗೆ ನಿಲ್ಲಲಾಗದು. ಕೋಣೆ ಎಂದು ತೋರಿಸಿದ್ದರೆ ಎತ್ತರದ ಪ್ರಶ್ನೆ ಎದ್ದು, ಮಾಡು ಏರಿಸುವ ಖರ್ಚನ್ನು ನೀವು ನಮಗೆ ಮೊದಲೇ ಹೇಳಬೇಕಾಗುತ್ತಿತ್ತು. ಆಗ ಈ ಗುತ್ತಿಗೆಯೇ ನಿಮಗೆ ಸಿಗುತ್ತಿರಲಿಲ್ಲ.

ಆ ಕೊರತೆ ಮುಚ್ಚಲು ನಿಮ್ಮ ಕೆಲಸಗಾರರು ಮಾಡಿದ್ದನ್ನು ನೋಡಿ ನಮ್ಮೂರಿನ ಹಿರಿಯ ಬಡಗಿ ತಲೆಯ ಮೇಲೆ ಕೈ ಹೊತ್ತರು. ಓಡಾಡುವಾಗ ತಲೆಗೆ ತಾಗುತ್ತದೆಂದು ಎರಡು ಅಡ್ಡತೊಲೆಗಳನ್ನು ಕತ್ತರಿಸಿ ಹಾಕಿದ್ದಾರೆ! ಹೆಂಚಿನ ಭಾರಕ್ಕೆ ಎರಡು ಬದಿಯ ಪಕಾಸುಗಳು, ಅಂದರೆ ಮಾಡಿನ ಇಳಿಜಾರು ಮರಗಳು, ಹೊರಕ್ಕೆ ಜಾರದಂತೆ ಹಿಡಿದಿಡುವುದೇ ಆ ತೊಲೆ. ಅದನ್ನು ತೆಗೆದರೆ ಒತ್ತಡವೆಲ್ಲ ಗೋಡೆಯ ಮೇಲಂಚನ್ನು ಹೊರಕ್ಕೆ ತಳ್ಳುತ್ತದೆ. ನಮ್ಮದು ಮಣ್ಣಿನಲ್ಲಿ ಕಟ್ಟಿದ ಜಂಬಿಟ್ಟಿಗೆ ಗೋಡೆ. ಮೇಲಿನ ಭಾರ ಹೊತ್ತೀತು, ಪಕ್ಕದ ತಳ್ಳಾಟವನ್ನು ತಾಳದು. ಪಡುವಣ ಗೋಡೆಯ ತುದಿಯಲ್ಲಿ ಈಗಲೇ ಸಣ್ಣ ಬಿರುಕು ಕಂಡಿದೆ. ನೀರು ಕುಡಿದ ಹೆಂಚು ಇನ್ನಷ್ಟು ತೂಗುವ ಆಷಾಢದಲ್ಲಿ ಗತಿಯೇನು? ಆಗುಂಬೆಯ ಪಕ್ಕದವರು ಮಳೆಯ ಬಗ್ಗೆ ಶಿವಮೊಗ್ಗದವರಿಗೆ ತಿಳಿಹೇಳಬೇಕಾಗಿ ಬಂದದ್ದೇ ವಿಚಿತ್ರ.

ನಾಲ್ಕು ಗಾಜಿನ ಹೆಂಚು ಕೂರಿಸಿ ‘ಕಿಟಕಿ ಬಾಬತ್ತು’ ಎಂದು ಹಣ ಬರೆದಿದ್ದೀರಿ. ಗಾಜಿನ ಹೆಂಚಿನಿಂದ ಬೆಳಕು ಬರುತ್ತದೆ, ಗಾಳಿ ಬರುವುದಿಲ್ಲ. ಮೆಟ್ಟಿಲಿನ ಕಡಿದಾದ ಏರಿಕೆಯ ಬಗ್ಗೆ ನಿಮ್ಮ ಮೇಲ್ವಿಚಾರಕರೊಡನೆ ಆಗಲೇ ಜಗಳವಾಡಿದ್ದೇನೆ, ಮತ್ತೆ ಬರೆಯುವುದಿಲ್ಲ.

ಕತ್ತರಿಸಿದ ಕಡೆ ನಾಳೆಯೇ ತಾತ್ಕಾಲಿಕ ಆಸರೆ ಕೊಡಿ. ಅರ್ಹ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮಾಡು, ಗೋಡೆ ಎರಡನ್ನೂ ಪರೀಕ್ಷಿಸಿ ಲಿಖಿತ ವರದಿ ಕೊಡಿಸಿ, ಅವರು ಹೇಳಿದಂತೆ ತೊಲೆಗಳನ್ನು ಮಳೆಗಾಲಕ್ಕೆ ಮುಂಚೆ ನಿಮ್ಮ ಖರ್ಚಿನಲ್ಲೇ ಕೂರಿಸಿ. ಪಂಚಾಯಿತಿಗೆ ಕೊಟ್ಟ ನಕ್ಷೆಯನ್ನು ಹಿಂಪಡೆಯಿರಿ. ಕೋಣೆ ನಿಯಮದೊಳಗೆ ಬಾರದು ಎಂದಾದರೆ ಅಟ್ಟವಾಗಿಯೇ ಉಳಿಸಿ, ಪರವಾನಗಿಗೆಂದು ಪಡೆದ ಹಣವನ್ನೂ ಕೋಣೆಯ ದರದ ವ್ಯತ್ಯಾಸವನ್ನೂ ಮರಳಿಸಿ. ಅಡಿಕೆ ಮೂಟೆಗೆ ಜಾಗ ಬೇಕೇ ಬೇಕು.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಮನೆ ಕಟ್ಟಿಕೊಡುವುದೂ ಆ ಕಾಯ್ದೆಯಲ್ಲಿ ಸೇವೆಯೇ. ಕೊನೆಯ ಕಂತು ಕೇಳಲು ಅಲ್ಲಿಯವರೆಗೆ ಯಾರನ್ನೂ ಕಳುಹಿಸಬೇಡಿ.

ಇಂತಿ,
ಮನೆಯ ಮಾಲೀಕ

ಪ್ರತಿ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ, ಮಾಹಿತಿಗಾಗಿ