ಆ ಮಾತು ಯಾರು ಯಾರಿಗೆ ಹೇಳಿದ್ದು?

ಪ್ರೀತಿಯ ತಮ್ಮಾ,

ನಿನ್ನ ಲೇಖನ ಓದಿದೆ. ಬದುಕು, ಪ್ರೀತಿ, ವಿವೇಕ ಮೂರನ್ನೂ ನಾಲ್ಕೇ ಪುಟದಲ್ಲಿ ಮುಗಿಸಿಬಿಟ್ಟಿದ್ದೀಯ, ಧೈರ್ಯ ಮೆಚ್ಚಬೇಕು. ಆದರೆ ಆ ನಾಲ್ಕು ಪುಟದಲ್ಲಿ ಲೆಬನಾನಿನ ಕವಿ ಗಿಬ್ರಾನ್, ಜರ್ಮನ್ ಕವಿ ರಿಲ್ಕೆ, ಬಸವಣ್ಣ, ಬೇಂದ್ರೆ, ಡಿವಿಜಿ ಎಲ್ಲರೂ ಬಂದು ಒಂದೊಂದು ಮಾತು ಹೇಳಿ ಹೋಗುತ್ತಾರೆ, ನೀನು ಮಾತ್ರ ಎಲ್ಲೂ ಕಾಣಿಸಲ್ಲ. ಗಣ್ಯರನ್ನೆಲ್ಲ ಮುಂದಿನ ಸಾಲಿನಲ್ಲಿ ಕೂರಿಸೋ ಗಡಿಬಿಡಿಯಲ್ಲಿ ಮದುಮಗನನ್ನೇ ಮರೆತ ಹಾಗಾಗಿದೆ.

ದೊಡ್ಡವರ ಮಾತು ಬಳಸಬೇಡ ಅಂತ ನಾನು ಹೇಳ್ತಿಲ್ಲ. ಬಳಸು. ಬಳಸೋಕೆ ಮುಂಚೆ ಆ ಮಾತು ಹುಟ್ಟಿದಾಗ ಎದುರಿಗೆ ಯಾರಿದ್ದರು, ಮನೆಯಲ್ಲಿ ಏನಾಗಿತ್ತು ಅಂತ ಸ್ವಲ್ಪ ಹುಡುಕು. ಅಷ್ಟು ಮಾಡಿದರೆ ಅರ್ಧ ಉದ್ಧರಣೆಗಳು ತಾವೇ ಉದುರಿಹೋಗುತ್ತವೆ.

‘ಕಾಯಕವೇ ಕೈಲಾಸ’ ಅಂತ ಬಸವಣ್ಣನವರ ಹೆಸರಲ್ಲಿ ಬರೆದಿದ್ದೀಯ. ನಿನ್ನೊಬ್ಬನದೇ ತಪ್ಪಲ್ಲ ಬಿಡು, ಆಟೋ ಹಿಂದೆಯೂ ಆಫೀಸಿನ ಗೋಡೆ ಮೇಲೂ ಹಾಗೇ ಇರುತ್ತೆ. ಆ ಮಾತಿರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ಮುಳುಗಿದ್ದಾಗ ಗುರು ಎದುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅಂತ ಹೇಳಿ ಆಮೇಲೆ ಆತ ಈ ಮಾತಿಗೆ ಬರುತ್ತಾನೆ. 12ನೇ ಶತಮಾನದ ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದವನು ಈತ. ಒಂದು ದಿನ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಖುಷಿಪಡಲಿಲ್ಲ. ಆಸೆ ಅನ್ನೋದು ಅರಸರಿಗೆ, ಶಿವಭಕ್ತರಿಗೂ ಉಂಟೇ ಅಂತ ಕೇಳಿದಳು. ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ’ ಅಂದಳು. ಈಗ ಲಕ್ಕಮ್ಮನ ಆ ವಚನದ ಕೊನೆ ನೋಡು. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನಿಗೆ ಛೀಮಾರಿ ಹಾಕುವ ವಚನದಲ್ಲೇ ಅವನ ಹೆಸರನ್ನು ದೇವರ ಹೆಸರಿನ ಪಕ್ಕ ಇಟ್ಟಿದ್ದಾಳೆ! ದಾಂಪತ್ಯ ಅಂದರೇನು ಅಂತ ನೀನು ಒಂದೂವರೆ ಪುಟ ವಿವರಿಸಿದ್ದೀಯಲ್ಲ, ಇಲ್ಲಿ ಒಂದು ಸೇರೋ ಎರಡು ಸೇರೋ ಅಕ್ಕಿಯಲ್ಲಿ ಎಲ್ಲ ಮುಗಿದಿದೆ. ಕೈಲಾಸದ ಮಾತು ಆಡಿದ ಗಂಡಸಿಗೆ ಮನೆಯಲ್ಲಿ ಲೆಕ್ಕ ಕೇಳೋಳು ಒಬ್ಬಳಿದ್ದಳು ಅಂತ ಗೊತ್ತಾದ ಮೇಲೆ ಆ ಮಾತು ಗೋಡೆ ಮೇಲಿನ ಬೋರ್ಡಾಗಿ ಉಳಿಯಲ್ಲ, ಅಲ್ವಾ?

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಅನ್ನೋ ಸಾಲನ್ನು ನೀನು ಹುಡುಗಿಯ ಕಣ್ಣೋಟದ ಬಗ್ಗೆ ಬರೆಯುವಾಗ ತಂದಿದ್ದೀಯ. ಬೇಡಪ್ಪಾ. ಅದು ಮಗುವನ್ನು ಕಳೆದುಕೊಂಡ ಅಪ್ಪ, ಹೆಂಡತಿಯ ನೋಟ ತಡೆಯಲಾರದೆ ಆಡುವ ಮಾತು. ಬೇಂದ್ರೆ ದಂಪತಿ ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಈ ಸಾಲನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಪಕ್ಕದಲ್ಲಿ ಕೆಂಪು ಹಾರ್ಟ್ ಇಡೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಇಡೀ ಪದ್ಯ ಓದು. ಓದಿದ ಮೇಲೂ ಅದನ್ನು ಅಲ್ಲೇ ಇಡೋಕೆ ಕೈ ಬಂದರೆ ನಾನು ಮಾತಾಡಲ್ಲ.

ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ದ ವಿಷಯ ಬೇರೆ ಥರ. ‘ಎಲ್ಲರೊಳಗೊಂದಾಗು’ ಅನ್ನೋ ಸಾಲನ್ನು ಓದುಗರಿಗೆ ಬುದ್ಧಿ ಹೇಳೋಕೆ ಬಳಸಿದ್ದೀಯ. 1943ರಲ್ಲಿ ಬಂದ ಆ ಪುಸ್ತಕದಲ್ಲಿ 945 ಪದ್ಯಗಳಿವೆ. ಅಲ್ಲಿ ಬುದ್ಧಿಮಾತು ಹೇಳಿಸಿಕೊಳ್ಳುವವನು ಮಂಕುತಿಮ್ಮ. ನಾನಂತೂ ಆ ತಿಮ್ಮನನ್ನು ಡಿವಿಜಿಯವರೇ ಅಂತ ಓದುತ್ತೇನೆ. ಬರೆದವರು ತಮಗೆ ತಾವೇ ಹೇಳಿಕೊಂಡದ್ದನ್ನು ನಾವು ಬೆಳಗ್ಗೆ ಎದ್ದು ಪಕ್ಕದ ಮನೆಯವರಿಗೆ ಫಾರ್ವರ್ಡ್ ಮಾಡುತ್ತೇವೆ. ಇನ್ನು ‘ಒಂದಾಗು’ ಅಂದವರು ಏನು ಮಾಡಿದರು ಅಂತ ನೋಡಬೇಕು ಅಂದರೆ 1945ರಲ್ಲಿ ಅವರೇ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಹೋಗಿ ಬಾ, ನಿನ್ನ ಮನೆಯಿಂದ ಒಂದು ಬಸ್ಸು. 1970ರ ಸನ್ಮಾನದಲ್ಲಿ ಬಂದ ದೊಡ್ಡ ಮೊತ್ತವನ್ನೂ ಅವರು ಮನೆಗೆ ಒಯ್ಯದೆ ಆ ಸಂಸ್ಥೆಗೇ ಕೊಟ್ಟರು.

ಮದುವೆಯ ಬಗ್ಗೆ ಗಿಬ್ರಾನ್ ಚೆನ್ನಾಗಿ ಬರೆದ, ನಿಜ. ಮದುವೆ ಆಗಿರಲಿಲ್ಲ, ಅದೂ ನಿಜ. ರಿಲ್ಕೆಯನ್ನು ನೀನು ಹಣ್ಣುಹಣ್ಣು ಮುದುಕನ ಥರ ಚಿತ್ರಿಸಿದ್ದೀಯ. 1903ರಲ್ಲಿ, ತನ್ನ ಪದ್ಯ ಕಳಿಸಿ ಸಲಹೆ ಕೇಳಿದ ಸೈನಿಕ ಶಾಲೆಯ ಹುಡುಗ ಕಾಪುಸ್‌ಗೆ ಮೊದಲ ಪತ್ರ ಬರೆದಾಗ ರಿಲ್ಕೆಗೆ 27 ವರ್ಷ, ಹೆಚ್ಚುಕಮ್ಮಿ ನಿನ್ನ ಓರಗೆಯವನು. ಆ ಪತ್ರದಲ್ಲೇ ಅವನು ಮೊದಲಿಗೆ ಪ್ರೇಮಪದ್ಯ ಬರೆಯಬೇಡ ಅಂತಾನೆ. ನಿನ್ನ ದಿನನಿತ್ಯದ ಬದುಕು ಬಡವಾಗಿ ಕಂಡರೆ ಬದುಕನ್ನು ಬೈಯಬೇಡ, ನಿನ್ನನ್ನು ಬೈದುಕೋ ಅಂತಾನೆ. ನೀನು ಆ ಪತ್ರದಿಂದಲೇ ಒಂದು ಸಾಲು ಎತ್ತಿದ್ದೀಯ, ಈ ಭಾಗವನ್ನು ಹಾರಿಸಿದ್ದೀಯ!

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಮೂರನೇ ಪುಟದ ಕೆಳಗೆ ನೀನು ಸುಮ್ನೆ ಬರೆದು ಬಿಟ್ಟ ಮೂರು ಸಾಲಿದೆ. ಅಪ್ಪ ಸಿಟಿ ಬಸ್ಸಿನ ಕಂಡಕ್ಟರ್. ರಾತ್ರಿ ಡ್ಯೂಟಿ ಮುಗಿಸಿ ಬಂದಾಗ ಅಮ್ಮ ಊಟ ಆಯ್ತಾ ಅಂತ ಕೇಳಲ್ಲ, ‘ಲೆಕ್ಕ ಸರಿ ಹೋಯ್ತಾ?’ ಅಂತ ಕೇಳ್ತಾರೆ. ಕಮ್ಮಿ ಬಂದರೆ ಅಪ್ಪ ಕೈಯಿಂದ ಹಾಕಬೇಕು ಅಂತ ಅವರಿಗೆ ಗೊತ್ತು. ಅಷ್ಟು ಬರೆದು, ತಕ್ಷಣ ಗಾಬರಿಯಾದವನ ಹಾಗೆ ‘ಗಿಬ್ರಾನ್ ಹೇಳುವಂತೆ’ ಅಂತ ಶುರು ಮಾಡಿದ್ದೀಯ. ಗಿಬ್ರಾನ್‌ಗೆ ಆ ಮನೆಯಲ್ಲಿ ಏನಪ್ಪಾ ಕೆಲಸ? ಲಕ್ಕಮ್ಮನಾದರೆ ನಿಮ್ಮಮ್ಮನ ಪಕ್ಕ ಬಂದು ಕೂತು ಚಿಲ್ಲರೆ ಎಣಿಸುತ್ತಿದ್ದಳೇನೋ.

ಹಾಗಾಗಿ ಆ ಮೂರು ಸಾಲು ಉಳಿಸಿಕೊಂಡು ಬೇರೆಲ್ಲ ಪಕ್ಕಕ್ಕಿಡು. ಅಪ್ಪನನ್ನು ಕೂರಿಸಿಕೊಂಡು ಕೇಳು. ಲೆಕ್ಕ ಕಮ್ಮಿ ಬಂದ ದಿನ ಅಮ್ಮನಿಗೆ ನಿಜ ಹೇಳ್ತಿದ್ದರಾ, ಇಲ್ಲ ಸರಿ ಹೋಯ್ತು ಅಂತಿದ್ದರಾ? ಅಮ್ಮನನ್ನು ಬೇರೆಯಾಗಿ ಕೇಳು. ಇಬ್ಬರ ಉತ್ತರವೂ ಒಂದೇ ಆಗಿರಬೇಕಿಲ್ಲ. ಆಮೇಲೆ ಬರಿ, ‘ಪ್ರೀತಿಯೆಂದರೆ’ ಅಂತ ಶುರುವಾಗೋ ವಾಕ್ಯ ಒಂದೂ ಬೇಡ. ಕಳಿಸುವಾಗ ಅಕ್ಷರ ಸ್ವಲ್ಪ ದಪ್ಪ ಮಾಡು ಮಾರಾಯ, ಮೊಬೈಲಲ್ಲಿ ಓದಿ ಓದಿ ಕಣ್ಣು ಉರೀತಿದೆ.