ಅಮ್ಮನಿಗೆ, ಸುನೀತಾಳ ಮದುವೆಯ ವಿಷಯವಾಗಿ

ಶಿಕಾಗೋ
ಡಿಸೆಂಬರ್ 8

ಪ್ರೀತಿಯ ಅಮ್ಮ,

ಕರ್ತನ ನಾಮದಲ್ಲಿ ವಂದನೆ. ನಾವೆಲ್ಲ ಸೌಖ್ಯ. ಇಲ್ಲಿ ಈಗ ನಾಲ್ಕೂವರೆಗೆಲ್ಲ ಕತ್ತಲೆ. ಸ್ವೆಟರು, ಹೀಟರು ಎಲ್ಲ ಸರಿಯಾಗಿದೆ, ಆ ಚಿಂತೆ ನಿನಗೆ ಬೇಡ.

ನಿನ್ನ ಕಾಗದ ಎರಡು ಸಲ ಓದಿದೆ. ಉಡುಪಿಯ ಹುಡುಗ ಸುನೀತಾಳಿಗೆ ಇಷ್ಟವಾಗದೆ ಅಲ್ಲ, ಕರ್ತನ ಬರೋಣ, ಅಂದರೆ ಯೇಸು ಮತ್ತೆ ಬರುವ ದಿನ, ಹತ್ತಿರವಿರುವಾಗ ಮದುವೆ ಯಾಕೆ ಎಂದು ಬೇಡ ಅನ್ನುತ್ತಿದ್ದಾಳೆ, ಅದಕ್ಕೆಲ್ಲ ಲೆಫ್ಟ್ ಬಿಹೈಂಡ್ ಪುಸ್ತಕಗಳೇ ಕಾರಣ ಎಂದು ಬರೆದಿದ್ದೀ. ಅವನ್ನು ಅಟ್ಟಕ್ಕೆ ಹಾಕಿಬಿಡಲೇ ಎಂದು ಕೇಳಿದ್ದೀ. ದಯವಿಟ್ಟು ಹಾಕಬೇಡ. ಅಡಗಿಸಿಟ್ಟರೆ ಅದರಲ್ಲಿರುವುದೆಲ್ಲ ನಿಜ ಎಂದೇ ಅವಳಿಗೆ ಅನ್ನಿಸುತ್ತದೆ. ಅವಳ ಪ್ರಶ್ನೆಗೆ ಉತ್ತರ ಅದೇ ಪುಸ್ತಕಗಳಲ್ಲಿ ಇದೆ.

ಅವು ಏನೆಂದು ನಿನಗೂ ಅಪ್ಪನಿಗೂ ಗೊತ್ತಿರಲಿ. ಟಿಮ್ ಲಹೇ ಎಂಬ ಪಾದ್ರಿ ಪ್ರವಾದನೆಯ ಲೆಕ್ಕ ಹಾಕಿಕೊಟ್ಟರು, ಜೆರಿ ಜೆಂಕಿನ್ಸ್ ಕತೆ ಬರೆದರು. ಮೊದಲನೆಯದು 1995ರಲ್ಲಿ ಬಂತು, ಹನ್ನೆರಡನೆಯದು 2004ರಲ್ಲಿ. ಆಮೇಲೆ ಹಿಂದಿನ ಕತೆಯೆಂದು ಮೂರು, ಮುಂದಿನದೆಂದು ಒಂದು ಸೇರಿ ಒಟ್ಟು 16. ಮಕ್ಕಳಿಗೆಂದೇ ಬೇರೆ 40 ಸಣ್ಣ ಪುಸ್ತಕಗಳಿವೆ. ಆರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿವೆ. ಬರೋಣಕ್ಕೆ ಏಳು ವರ್ಷ ಮೊದಲೇ ವಿಶ್ವಾಸಿಗಳು ಮೇಲಕ್ಕೆ ಎತ್ತಲ್ಪಡುತ್ತಾರೆ, ಉಳಿದವರಿಗೆ ಮಹಾಸಂಕಟ ಎಂಬುದು ಕತೆಯ ತಿರುಳು. ಶಿಕಾಗೋದಿಂದ ಲಂಡನ್ನಿಗೆ ಹೊರಟ 747 ವಿಮಾನದಲ್ಲಿ ರಾತ್ರಿ ಹೊತ್ತು ನೂರಕ್ಕೂ ಹೆಚ್ಚು ಜನ ಮಾಯವಾಗುತ್ತಾರೆ, ಸೀಟಿನ ಮೇಲೆ ಅವರ ಬಟ್ಟೆ ಮಾತ್ರ ಉಳಿದಿರುತ್ತದೆ. ಪೈಲಟ್ ರೇಫರ್ಡನ ಹೆಂಡತಿ, ಮಗ ಹೋಗಿರುತ್ತಾರೆ. ಅವನೂ ಮಗಳು ಕ್ಲೋಯಿಯೂ ಉಳಿಯುತ್ತಾರೆ. ಕತೆಯ ಚರ್ಚು ಇರುವುದು ಮೌಂಟ್ ಪ್ರಾಸ್ಪೆಕ್ಟ್‌ನಲ್ಲಿ. ಅದು ಇಲ್ಲೇ ಏರ್‌ಪೋರ್ಟಿನ ಹತ್ತಿರದ ಊರು. ಇಲ್ಲಿಯವರು ಇದನ್ನೆಲ್ಲ ಮನಸ್ಸಿಗೆ ಎಷ್ಟು ಹಚ್ಚಿಕೊಳ್ಳುತ್ತಾರೆಂದರೆ, ‘ಎತ್ತಲ್ಪಡುವ ದಿನ ಈ ಕಾರಿನಲ್ಲಿ ಡ್ರೈವರ್ ಇರುವುದಿಲ್ಲ’ ಎಂಬ ಸ್ಟಿಕರನ್ನು ಕಾರಿನ ಹಿಂದೆ ಅಂಟಿಸುವವರೂ ಇದ್ದಾರೆ. ನಮ್ಮ ಕಡೆ ವಚನ ಬರೆಸಿದ ರಿಕ್ಷಾಗಳಿದ್ದ ಹಾಗೆ.

ಓದಿದವರಲ್ಲಿ ಒಂದೇ ಅಭಿಪ್ರಾಯ ಎಂದು ಸುನೀತಾ ತಿಳಿದಿದ್ದರೆ ಅದು ತಪ್ಪು. ಇವನ್ನು ಓದಿಯೇ ಬೈಬಲ್ ತೆರೆದೆವು ಎನ್ನುವವರು ಎಷ್ಟೋ ಮಂದಿ ಇದ್ದಾರೆ, ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದನ್ನು ಒಂದೇ ರಾತ್ರಿಯಲ್ಲಿ ಮುಗಿಸಿದವರೂ ನಡುವಿನ ಪುಸ್ತಕಗಳಲ್ಲಿ ಬೇಸತ್ತಿದ್ದಾರೆ. ಒಂದೇ ಪುಸ್ತಕವೆಂದು ಶುರುವಾದದ್ದು ಹನ್ನೆರಡಕ್ಕೆ ಬೆಳೆದರೆ ಹಾಗಾಗದೆ ಇರುತ್ತದೆಯೇ? ಪುಟಗಟ್ಟಲೆ ಬರೀ ಫೋನ್ ಮಾತು, ವಿಮಾನದ ಓಡಾಟ. ನನ್ನ ಮನಸ್ಸಿಗೆ ನಾಟಿದ ಆಕ್ಷೇಪಣೆ ಬೇರೆ. ಲೋಕದ ಮಕ್ಕಳೆಲ್ಲ, ತಾಯಿಯ ಹೊಟ್ಟೆಯಲ್ಲಿದ್ದವು ಕೂಡ, ಒಂದೇ ಕ್ಷಣದಲ್ಲಿ ಇಲ್ಲವಾಗುತ್ತವೆ. ಅಷ್ಟು ದೊಡ್ಡ ದುಃಖವನ್ನು ಕತೆ ಕೆಲವೇ ದಿನಗಳಲ್ಲಿ ದಾಟಿಬಿಡುತ್ತದೆ. ಇದೇ ಇಲಿನಾಯ್ ರಾಜ್ಯದ ಕ್ಯಾಥೊಲಿಕ್ ಬಿಷಪ್ಪರು 2003ರಲ್ಲಿ ಈ ಪುಸ್ತಕಗಳು ಕ್ಯಾಥೊಲಿಕ್ ಸಭೆಗೆ ವಿರೋಧವಾದವು ಎಂದು ಹೇಳಿಕೆಯನ್ನೇ ಕೊಟ್ಟರು.

ಈಗ ಮದುವೆಯ ಮಾತು. ಎರಡನೆಯ ಪುಸ್ತಕ, ಟ್ರಿಬ್ಯುಲೇಶನ್ ಫೋರ್ಸ್, ಅವಳ ಹತ್ತಿರ ಇದ್ದೇ ಇರುತ್ತದೆ. ಅದರಲ್ಲಿ ಕ್ಲೋಯಿ ಮತ್ತು ಪತ್ರಕರ್ತ ಬಕ್ ಮದುವೆಯಾಗುತ್ತಾರೆ. ಅದೇ ಹೊತ್ತಿಗೆ ಅವಳ ತಂದೆ ರೇಫರ್ಡ್ ಕೂಡ ಆಮಂಡಾ ಎಂಬವಳನ್ನು ಮದುವೆಯಾಗುತ್ತಾನೆ. ಜೋಡಿ ಮದುವೆ, ನಡೆಸಿಕೊಡುವವರು ಅವರ ಸಭೆಯ ಪಾದ್ರಿಯೇ. ಏಳು ವರ್ಷದ ಮಹಾಸಂಕಟ ಆಗಲೇ ಶುರುವಾಗಿದೆ, ಎಷ್ಟು ವರ್ಷ ಉಳಿದಿದೆ ಎಂದು ನಾಲ್ವರಿಗೂ ಗೊತ್ತು, ಆದರೂ ಮದುವೆಯಾಗುತ್ತಾರೆ. ಮುಂದೆ ಕ್ಲೋಯಿಗೆ ಮಗುವೂ ಆಗುತ್ತದೆ, ಕೆನ್ನಿ ಎಂದು ಹೆಸರಿಡುತ್ತಾರೆ. ಕೊನೆಗೆ ಅವರಿಗೆಲ್ಲ ಏನಾಯಿತು ನೋಡು ಎಂದು ಸುನೀತಾ ವಾದಿಸಬಹುದು. ಆದರೆ ಮದುವೆಯಾದದ್ದು ತಪ್ಪೆಂದು ಪುಸ್ತಕ ಎಲ್ಲೂ ತೋರಿಸುವುದಿಲ್ಲ. ಲಹೇಯವರೇ 1947ರಲ್ಲಿ ಮದುವೆಯಾಗಿ ನಾಲ್ಕು ಮಕ್ಕಳನ್ನು ಬೆಳೆಸಿದರು. 1976ರಲ್ಲಿ ಹೆಂಡತಿಯ ಜೊತೆ ಸೇರಿ ದಾಂಪತ್ಯದ ಬಗ್ಗೆಯೇ ಪುಸ್ತಕ ಬರೆದರು. 2016ರಲ್ಲಿ ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡಾಗ ಅವರಿಬ್ಬರದು 69 ವರ್ಷದ ಸಂಸಾರ. ಬರೋಣ ಯಾವ ಗಳಿಗೆಯಲ್ಲೂ ಆಗಬಹುದೆಂದು ಜೀವನವಿಡೀ ಸಾರಿದವರು ಅವರು.

ಓದುವವರು ಎಡವುವುದು ಎಲ್ಲಿ ಗೊತ್ತೇ? ಬೈಬಲಿನ ದಾನಿಯೇಲ, ಥೆಸಲೋನಿಕ, ಪ್ರಕಟನೆ ಮೂರನ್ನೂ ತುಂಡು ತುಂಡಾಗಿ ತೆಗೆದು ಹೊಲಿದಿದ್ದಾರೆ, ಹೊಲಿಗೆ ಕಾಣಿಸುವುದಿಲ್ಲ. ಕತೆಯಲ್ಲಿ ಮಹಾಸಂಕಟಕ್ಕೆ ನಾಂದಿಯಾಗುವ ಏಳು ವರ್ಷದ ಒಪ್ಪಂದ ಪ್ರಕಟನೆಯಲ್ಲಿ ಇಲ್ಲ, ಅದು ದಾನಿಯೇಲ 9:27ರ ‘ಒಂದು ವಾರ’, ದಿನಕ್ಕೊಂದು ವರ್ಷದ ಲೆಕ್ಕ. ‘ಕ್ರಿಸ್ತವಿರೋಧಿ’ ಎಂಬ ಮಾತು ಕೂಡ ಪ್ರಕಟನೆಯಲ್ಲಿ ಇಲ್ಲ, ಯೋಹಾನನ ಪತ್ರಿಕೆಗಳಲ್ಲಿದೆ. ಕತೆಯಲ್ಲಿ ಕ್ರಿಸ್ತವಿರೋಧಿಯಾಗಿ ಬರುವ ರುಮೇನಿಯಾದ ಕಾರ್ಪೇತಿಯಾ ಅಂತೂ ಯಾವ ವಚನದಲ್ಲೂ ಇಲ್ಲ. ಈ ಹೊಲಿಗೆ 1830ರ ಸುಮಾರಿಗೆ ಡಾರ್ಬಿ ಎಂಬ ಬೋಧಕರಿಂದ ಹಬ್ಬಿತು. 1909ರಲ್ಲಿ ಸ್ಕೋಫೀಲ್ಡ್ ಎಂಬವರು ಟಿಪ್ಪಣಿ ಬರೆದ ಬೈಬಲಿನಲ್ಲಿ ಅಡಿಟಿಪ್ಪಣಿಯಾಗಿ ಅಚ್ಚಾಯಿತು. ಸುನೀತಾಳ ಇಂಗ್ಲಿಷ್ ಬೈಬಲ್ ಅದೇ ಇರಬಹುದು, ಮೊದಲ ಪುಟ ನೋಡು. ಅದೇ ಆಗಿದ್ದರೆ ಗೆರೆಯ ಮೇಲಿರುವುದು ಪೌಲನದು, ಕೆಳಗಿರುವುದು ಸ್ಕೋಫೀಲ್ಡನದು ಎಂದು ಅವಳಿಗೆ ತೋರಿಸು. ನಾವು ಪ್ರತಿ ಭಾನುವಾರ ಹೇಳುವ ವಿಶ್ವಾಸಪ್ರಮಾಣದಲ್ಲಿ ಇರುವುದು ಒಂದೇ ಬರೋಣ.

ಆಮೇಲೆ ಕನ್ನಡ ಬೈಬಲ್ ತೆಗೆದು 1 ಥೆಸಲೋನಿಕ 4:13ರಿಂದ 18ರವರೆಗೆ ಇಬ್ಬರೂ ಗಟ್ಟಿಯಾಗಿ ಓದಿ. ಮೇಘಗಳಲ್ಲಿ ಒಯ್ಯಲ್ಪಡುವುದು ಯಾಕೆ? ಕರ್ತನನ್ನು ‘ಎದುರುಗೊಳ್ಳುವುದಕ್ಕೆ’. ಆ ಮಾತಿನ ಮೇಲೆ ಬೆರಳಿಡು. ದಿಬ್ಬಣ ಬಂತು ಎಂದರೆ ನಾವೇನು ಮಾಡುತ್ತೇವೆ? ಬ್ಯಾಂಡಿನ ಸದ್ದು ಕೇಳಿದ ಕೂಡಲೇ ರಸ್ತೆಯವರೆಗೆ ಹೋಗಿ ಎದುರುಗೊಳ್ಳುತ್ತೇವೆ. ಹೋದವರು ದಿಬ್ಬಣದ ಜೊತೆ ಬೇರೆ ಊರಿಗೆ ಹೋಗುವುದಿಲ್ಲ, ಮದಲಿಂಗನನ್ನು ಕರೆದುಕೊಂಡು ಚಪ್ಪರಕ್ಕೇ ಬರುತ್ತಾರೆ. ಗ್ರೀಕಿನಲ್ಲೂ ಆ ಪದವನ್ನು ಹೀಗೆ ಬಳಸುವುದುಂಟು. ಮತ್ತಾಯ 25:6ರಲ್ಲಿ ಮದಲಿಂಗನನ್ನು ಎದುರುಗೊಳ್ಳಲು ಬನ್ನಿ ಎಂದು ಕನ್ಯೆಯರನ್ನು ಕೂಗುವಲ್ಲಿ ಅದೇ ಪದ ಇದೆ. ಅಪೊಸ್ತಲರ ಕೃತ್ಯಗಳು 28:15ರಲ್ಲಿ ರೋಮಿನ ಸಹೋದರರು ದಾರಿಗೆ ಬಂದು ಪೌಲನನ್ನು ಎದುರುಗೊಳ್ಳುವಾಗಲೂ ಅದೇ. ಪೌಲ ಮುಂದೆ ಸಾಗಿ ರೋಮಿಗೇ ಹೋಗುತ್ತಾನೆ. ಲಹೇಯ ಕಡೆಯವರು ಯೋಹಾನ 14ನ್ನು ತೋರಿಸಿ, ತಂದೆಯ ಮನೆಗೆ ಕರೆದೊಯ್ಯುವನಲ್ಲ ಎನ್ನುತ್ತಾರೆ. ಅದಕ್ಕೂ ಅವಳು ಕಿವಿಗೊಡಲಿ. ಆದರೆ ಮದಲಿಂಗನನ್ನು ಎದುರುಗೊಳ್ಳುವ ವಚನ ಹಿಡಿದುಕೊಂಡು ಮದುವೆ ಬೇಡ ಅನ್ನುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

‘ಒಬ್ಬನು ಒಯ್ಯಲ್ಪಡುವನು, ಒಬ್ಬನು ಬಿಡಲ್ಪಡುವನು’ ಎಂಬುದನ್ನು ಎತ್ತಿದರೆ ಮತ್ತಾಯ 24:39 ಓದಿಸು. ಅಲ್ಲಿ ಪ್ರಳಯ ಬಡಕೊಂಡು ಹೋದದ್ದು ದುಷ್ಟರನ್ನು, ಉಳಿದವನು ನೋಹ. 1 ಕೊರಿಂಥ 7ರ ‘ಕಾಲ ಸ್ವಲ್ಪ’ ಎಂದರೆ ಅದೇ ಅಧ್ಯಾಯದ 28ನೆಯ ವಚನ ತೋರಿಸು, ಮದುವೆಯಾದರೆ ಪಾಪವಲ್ಲ ಎಂದು ಪೌಲನೇ ಬರೆದಿದ್ದಾನೆ. ಬರೋಣ ಬಂತೆಂದು ಕೆಲಸ ಬಿಟ್ಟು ಕೂತವರಿಗೆ ಅವನು ಏನು ಹೇಳಿದನೆಂಬುದು 2 ಥೆಸಲೋನಿಕ 3ರಲ್ಲಿದೆ. ಎಲ್ಲವನ್ನೂ ಒಂದೇ ದಿನ ಮಾಡಬೇಡ. ದಿನಕ್ಕೊಂದು ಸಾಕು, ರಾತ್ರಿ ಪ್ರಾರ್ಥನೆಯ ಹೊತ್ತಿಗೆ. ಅಪ್ಪ ನಡುವೆ ಬಾಯಿ ಹಾಕದಿರಲಿ, ಅವರು ಗದರಿದರೆ ಅವಳು ಕೋಣೆ ಸೇರುತ್ತಾಳೆ. ಆಧಾರ್ ಕಾರ್ಡು ಪ್ರಕಟನೆಯಲ್ಲಿ ಹೇಳಿದ ಮೃಗದ ಗುರುತು ಅಂತಲೂ ಹೇಳಿದಳಂತೆ. ಎಂಟನೆಯ ಪುಸ್ತಕದಲ್ಲಿ ಕೂಡ ಗುರುತು ಹಾಕಿಸಿಕೊಳ್ಳುವವರು ಕಾರ್ಪೇತಿಯಾನಿಗೆ ತಿಳಿದೇ ಅಧೀನರಾಗುವವರು. ರೇಷನ್ನಿಗೆ ಕೊಟ್ಟ ಬೆರಳಚ್ಚು ಅದಲ್ಲ.

ಇಷ್ಟೆಲ್ಲ ಆದ ಮೇಲೂ ಅವಳಿಗೆ ಮದುವೆ ಬೇಡವೇ ಬೇಡ ಅನ್ನಿಸಿದರೆ ಒತ್ತಾಯ ಮಾಡಬೇಡಿ. ಹೆದರಿಕೊಂಡು ಬೇಡ ಅನ್ನುವುದು ಮಾತ್ರ ಆಗಬಾರದು. ಉಡುಪಿಯವರಿಗೆ ಕ್ರಿಸ್ಮಸ್ ಕಳೆದು ಹೇಳುತ್ತೇವೆ ಎನ್ನಿ, ಅವರೇನೂ ತಪ್ಪು ತಿಳಿಯುವುದಿಲ್ಲ. ಏನೂ ಕೆಟ್ಟಿಲ್ಲ ಅಮ್ಮ, ಖಂಡಿತ ಏನೂ ಕೆಟ್ಟಿಲ್ಲ. ನೀನು ನಿದ್ದೆಗೆಟ್ಟು ಬಿಪಿ ಏರಿಸಿಕೊಳ್ಳಬೇಡ, ಮಾತ್ರೆ ತಪ್ಪಿಸಬೇಡ. ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಫೋನ್ ಮಾಡುತ್ತೇನೆ, ಫೋನ್ ಅವಳ ಕೈಗೇ ಕೊಡು. ಹಣ ಸೋಮವಾರ ಹಾಕುತ್ತೇನೆ. ಕೆಲಸಕ್ಕೆ ಹೊತ್ತಾಯಿತು.

ನಿನ್ನ ಮಗ,
ಪ್ರಕಾಶ