ರೇಂಜರ್‌ಗೆ ಫೋನ್ ಮಾಡಿದ್ದು ನಾನೇ

ಪುಟ್ಟಿಗೆ,

ಅಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಮೊಣಕಾಲು ಹಾಗೇ ಇದೆ.

ಹೌದು, ಫೋನ್ ಮಾಡಿದ್ದು ನಾನೇ. "ಅವಳನ್ನು ಕಾಡಿನ ಬೆಂಕಿ ಕೆಲಸಕ್ಕೆ ಗುಡ್ಡದ ಓರೆಗೆ ಹತ್ತಿಸಬೇಡಿ ಸಾರ್, ವೈರ್‌ಲೆಸ್ ಮುಂದೆ ಕೂರಿಸಿ" ಅಂತ ನಿಮ್ಮ ರೇಂಜರ್‌ಗೆ ಹೇಳಿದ್ದೂ ಹೌದು. ಅವರು ಅದನ್ನು ಹಾಗ್ಹಾಗೇ ನಿನಗೆ ದಾಟಿಸುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಭಾನುವಾರ ನೀನು ಸಿಗ್ನಲ್ ಸಿಗುವ ಆ ಬಂಡೆ ಹತ್ತಿ, ನನಗೆ ಬೈಯುವುದಕ್ಕೆಂದೇ ಫೋನ್ ಮಾಡಿದೆ. "ನಾನು ಓಡಿ, ಜಿಗಿದು, ಗುಂಡು ಎಸೆದು ಪಾಸಾಗಿ ಬಂದವಳು ಅಪ್ಪ, ನಿನ್ನ ಶಿಫಾರಸಿನಿಂದ ಬಂದವಳಲ್ಲ" ಅಂದೆ. ಆಮೇಲೆ ಕಟ್ ಮಾಡಿದೆ. ಸಿಗ್ನಲ್ ಹೋಯಿತು ಅಂತ ನಿಮ್ಮಮ್ಮನಿಗೆ ನಾನು ಹೇಳಿದೆ. ಅವಳು ನಂಬಲಿಲ್ಲ.

ತಪ್ಪಾಯಿತು. ಇದೇ ಅರಣ್ಯ ಇಲಾಖೆಯಲ್ಲಿ ನನ್ನ ಸರ್ವೀಸಿನಲ್ಲಿ ಯಾರಾದರೂ ನನ್ನ ಬಗ್ಗೆ ಹಾಗೆ ಫೋನ್ ಮಾಡಿದ್ದರೆ ನಾನು ಒಂದು ವಾರ ಊಟ ಬಿಡುತ್ತಿದ್ದೆ.

ಈ ಕಾಗದ ಚಟ್ನಿಪುಡಿ ಚೀಲದಲ್ಲಿ ಬರುತ್ತಿದೆ. ಲಕ್ಕವಳ್ಳಿ ತನಕ ಬಸ್ಸಿನಲ್ಲಿ, ಅಲ್ಲಿಂದ ನಿಮ್ಮ ಕ್ಯಾಂಪಿಗೆ ಬೋಟಿನಲ್ಲಿ. ನೀನು ಸೇರಿದ ದಿನದ್ದು, ನಾನು ಗೇಟಿನ ಹತ್ತಿರ ಮಾಡಿದ ಅವಾಂತರ, ಅದೆಲ್ಲ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದ್ದು ಒಂದಿದೆ.

ಬಸ್‌ಸ್ಟ್ಯಾಂಡ್ ಹೋಟೆಲಿನ ಮಾವನ ಬಲಗೈ. ಚಿಕ್ಕವಳಿದ್ದಾಗ ನೀನು ಕೇಳಿದ್ದೆ, ಮಾವನ ಬೆರಳು ಯಾಕೆ ಮಡಚುವುದಿಲ್ಲ ಅಂತ. ಬೋಂಡಾ ಕರಿಯುವಾಗ ಎಣ್ಣೆ ಬಿತ್ತು ಅಂತ ಹೇಳಿದ್ದೆ. ಎಣ್ಣೆ ಅಲ್ಲ ಪುಟ್ಟಿ. ಅವನು ಆಗ ಹೋಟೆಲ್ ಇಟ್ಟೇ ಇರಲಿಲ್ಲ. ನಮ್ಮ ಜೊತೆ ಬೆಂಕಿ ವಾಚರ್ ಆಗಿದ್ದ.

ಮಾರ್ಚ್ ತಿಂಗಳು. ನೀನಿನ್ನೂ ಎರಡನೇ ಕ್ಲಾಸು. ಭದ್ರಾ ಡ್ಯಾಮ್ ತುಂಬಿದರೆ 186 ಅಡಿ ಅಲ್ವಾ, ಆ ಹೊತ್ತಿಗೆ ನೀರು ಎಷ್ಟೋ ಕೆಳಗೆ ಇಳಿದಿತ್ತು. ಗುಡ್ಡದ ನೆತ್ತಿಯಲ್ಲಿ ಬೆಂಕಿ ಅಂತ ಸುದ್ದಿ. ರಸ್ತೆ ಇಲ್ಲ. ಬೋಟು ನಮ್ಮ ಆರು ಜನರನ್ನು ಕೆಳಗೆ ಇಳಿಸಿ ಹೋಯಿತು. ಕೈಯಲ್ಲಿ ಕತ್ತಿ, ಎರಡು ಕ್ಯಾನ್ ನೀರು, ಬುತ್ತಿ. ಬೆಂಕಿ ಮೇಲಿನಿಂದ ನಿಧಾನಕ್ಕೆ, ಹಿಮ್ಮುಖವಾಗಿ ಇಳಿಯುತ್ತಿತ್ತು. ಇಳಿಯುವ ಬೆಂಕಿ ಸೋಮಾರಿ. ಮೊಣಕಾಲೆತ್ತರದ ಜ್ವಾಲೆ, ಹಸಿ ಸೊಪ್ಪಿನಲ್ಲಿ ಬಡಿದರೆ ಸಾಯುತ್ತದೆ. ಅರ್ಧ ಗುಡ್ಡ ಹತ್ತಿ, ಅದು ಬರುವ ದಾರಿಗೆ ಅಡ್ಡವಾಗಿ ದರಗು ಕೆರೆಯುತ್ತಾ ಹೋದೆವು. ನಾನು ಹಾಡು ಬೇರೆ ಗುನುಗುತ್ತಿದ್ದೆ.

ಆಗ ಉರಿಯುವ ಬಿದಿರ ಬುಡ ಒಂದು ಮೇಲಿನಿಂದ ಕಳಚಿತು. ನಮ್ಮ ಪಕ್ಕದಲ್ಲೇ ಉರುಳಿಕೊಂಡು ಕೆಳಗೆ ಹೋಯಿತು. ನಾವು ನಕ್ಕೆವು. ಯಾಕೆ ನಕ್ಕೆವೋ ಗೊತ್ತಿಲ್ಲ. ಅದು ಕೆಳಗಿನ ಕರಡದಲ್ಲಿ ಹೋಗಿ ನಿಂತಿತು. ನೀರಿನ ಕಡೆಯಿಂದ ಮಧ್ಯಾಹ್ನದ ಗಾಳಿ ಗುಡ್ಡಕ್ಕೆ ಏರುತ್ತಿತ್ತು. ಒಂದು ಬೀಡಿ ಸೇದುವಷ್ಟು ಹೊತ್ತೂ ಆಗಲಿಲ್ಲ, ಕೆಳಗೆ ಉದ್ದಕ್ಕೂ ಬೆಂಕಿ. ಅದರಾಚೆ ಹೊಳೆಯುವ ನೀರು. ಅಷ್ಟು ನೀರು, ಒಂದು ಹನಿಯೂ ಉಪಯೋಗವಿಲ್ಲ.

ನಮ್ಮಲ್ಲಿ ಹಿರಿಯ ವಾಚರ್ ಒಬ್ಬರಿದ್ದರು. ಕಾಡೊಳಗಿನ ಹಳ್ಳಿಗಳನ್ನು ಎಬ್ಬಿಸುವ ಮೊದಲು ಅಲ್ಲೇ ಹುಟ್ಟಿ ಬೆಳೆದವರು. "ಕರಿಗೆ ಬನ್ನಿ, ಕರಿಗೆ!" ಅಂತ ಕೂಗಿದರು. ಎಡಕ್ಕೆ ಹಿಂದಿನ ದಿನವೇ ಸುಟ್ಟು ಕಪ್ಪಾದ ಪಟ್ಟಿ ಒಂದಿತ್ತು. ಸುಟ್ಟಿದ್ದು ಇನ್ನೊಮ್ಮೆ ಸುಡುವುದಿಲ್ಲ. ಅಡ್ಡಕ್ಕೆ ಓಡಬೇಕು. ಹನ್ನೊಂದು ಹೆಜ್ಜೆ ಇತ್ತು ಅಂತ ಈಗ ಅನ್ನಿಸುತ್ತದೆ. ಎಷ್ಟು ಸಲ ಎಣಿಸಿದ್ದೇನೋ.

ಹೋಟೆಲ್ ಮಾವ ಮೇಲಕ್ಕೆ ಓಡಿದ. ಬೆಂಕಿ ಕೆಳಗಿದ್ದರೆ ಕಾಲು ತಾನಾಗಿ ಮೇಲಕ್ಕೆ ಓಡುತ್ತದೆ, ಯಾರದ್ದಾದರೂ. ನಾನು ಅವನ ಕೈ ಹಿಡಿದೆ. ಬಲಗೈ. ಎಡಕ್ಕೆ ಎಳೆದೆ. ಅವನು ಮೇಲಕ್ಕೆ ಎಳೆದ. ಎರಡು ಹೆಜ್ಜೆ ಅವನ ಜೊತೆ ನಾನೂ ಮೇಲೆ ಹೋದೆ. ಆಮೇಲೆ ಕೈ ಬಿಟ್ಟೆ.

ಬೆವರಿಗೆ ಜಾರಿತು ಅಂತ ಎಲ್ಲರಿಗೂ ಹೇಳಿದ್ದೇನೆ. ಜಾರಲಿಲ್ಲ. ಬಿಟ್ಟೆ. ಬೆರಳು ಬಿಚ್ಚಿದ್ದು ನನಗೆ ನೆನಪಿದೆ. ಕಪ್ಪಿನೊಳಗೆ ಬಿದ್ದು ತಿರುಗಿ ನೋಡಿದರೆ ಹೊಗೆ ಬಿಟ್ಟು ಏನೂ ಕಾಣಲಿಲ್ಲ. ಮೂರನೇ ಹೆಜ್ಜೆ ಹಾಕಿದ್ದರೆ ಏನಾಗುತ್ತಿತ್ತು? ಅವನು ನನ್ನ ಮಾತು ಕೇಳುತ್ತಿದ್ದನಾ, ಇಬ್ಬರೂ ಹೋಗುತ್ತಿದ್ದೆವಾ? ರಾತ್ರಿ ಎಚ್ಚರವಾದಾಗ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಅವನು ಹತ್ತಿಪ್ಪತ್ತು ಅಡಿ ಮೇಲೆ ಹೋಗಿ, ಆಗದೆ, ಅದೇ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ಬೆಂಕಿ ಅಂಚನ್ನು ಸೀಳಿಕೊಂಡು ನಮ್ಮ ಮೇಲೆ ಬಂದು ಬಿದ್ದ. ಅಂಗಿ ತೋಳು ಟೆರಿಲಿನ್ನು. ಕೈಗೆ ಅಂಟಿಕೊಂಡಿತ್ತು.

ಬೆಂಕಿ ದಾಟಿದ ಮೇಲೆ ಕೆಳಗಿಳಿದೆವು. ಬೋಟು ಬಂತು. ಆದರೆ ನೀರು ಇಳಿದಿದ್ದರಿಂದ ದಡಕ್ಕೂ ಬೋಟಿಗೂ ನಡುವೆ ಬರೀ ಕೆಸರು. ಮೇಲೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣುತ್ತದೆ, ಕಾಲಿಟ್ಟರೆ ತೊಡೆ ತನಕ. ಅವನನ್ನು ಹೊತ್ತುಕೊಂಡು ಅಷ್ಟು ದೂರ ದಾಟಲು ಅರ್ಧ ಗಂಟೆ ಹಿಡಿಯಿತು. ಅವನು ಅಳಲಿಲ್ಲ. "ಅಣ್ಣ, ನನ್ನ ಚಪ್ಪಲಿ ಮೇಲೇ ಬಿಟ್ಟು ಬಂದೆ" ಅಂತ ಅದನ್ನೇ ಹೇಳುತ್ತಿದ್ದ.

ನನ್ನ ಬಗ್ಗೆ ಒಂದು ಮಾತು ಆಡಿಲ್ಲ ಇವತ್ತಿನ ತನಕ. ದಿನಾ ಚಹಾ ಕೊಡುತ್ತಾನೆ, ಎಡಗೈಯಲ್ಲಿ. ಮೊನ್ನೆ ಹೋಗಿ, ಮಗಳಿಗೆ ಹೇಳಲಾ ಅಂತ ಕೇಳಿದೆ. "ಹೇಳು. ಎಣ್ಣೆ ಅಂತ ಹೇಳಿ ಹೇಳಿ ನನ್ನ ಅಡುಗೆ ಮರ್ಯಾದೆ ತೆಗೆದೆ" ಅಂದ.

ಈಗ ಅರ್ಥವಾಯಿತಾ ಯಾಕೆ ಫೋನ್ ಮಾಡಿದೆ ಅಂತ? ನಿನ್ನ ಕಾಲು ಗಟ್ಟಿ ಇದೆ, ಗೊತ್ತು. ನಿನ್ನ ಪಕ್ಕದಲ್ಲಿ ನಿಂತವನು ನನ್ನಂಥವನಾಗಿದ್ದರೆ ಅನ್ನುವುದೇ ನನ್ನ ಭಯ.

ಪಾಠ ಮಾಡಬಾರದು ಅಂತ ಕೂತಿದ್ದೆ. ಸ್ವಲ್ಪ ಮಾಡುತ್ತೇನೆ, ಓದಿಬಿಡು. ಏರು ಹತ್ತು ಡಿಗ್ರಿ ಜಾಸ್ತಿಯಾದರೆ ಬೆಂಕಿಯ ಓಟ ಹೆಚ್ಚುಕಡಿಮೆ ದುಪ್ಪಟ್ಟು. ಟ್ರೈನಿಂಗಿನಲ್ಲಿ ಹೇಳಿರುತ್ತಾರೆ, ಬಾಯಿಪಾಠ ಆಗಿರುತ್ತದೆ, ಆದರೆ ಓರೆಯಲ್ಲಿ ನಿಂತಾಗ ನೆನಪಾಗುವುದಿಲ್ಲ. ಕೆಳಗೆ ಹುಲ್ಲು, ಮೇಲೆ ಬೆಂಕಿ ಇದ್ದರೆ ನಡುವೆ ನಿಲ್ಲಬೇಡ. ಒಬ್ಬರನ್ನು ಸುಮ್ನೆ ನೋಡುವುದಕ್ಕೇ ನಿಲ್ಲಿಸು. ಅವರು ಬಡಿಯುವುದೂ ಬೇಡ, ಕೆರೆಯುವುದೂ ಬೇಡ, ಉರುಳಿ ಬರುವ ಕೊರಡು ಕಂಡರೆ ಕೂಗಿದರೆ ಸಾಕು. ಹಗಲು ಗಾಳಿ ನೀರಿನಿಂದ ಗುಡ್ಡಕ್ಕೆ, ಕತ್ತಲಾದ ಮೇಲೆ ಗುಡ್ಡದಿಂದ ನೀರಿಗೆ. ಎರಡರ ನಡುವೆ, ಸಂಜೆ, ಅದಕ್ಕೆ ತಾನು ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವುದಿಲ್ಲ. ಆ ಹೊತ್ತಿಗೆ, ಬರುವ ಬೆಂಕಿಯನ್ನು ತಡೆಯಲು ಎದುರು ಬೆಂಕಿ ಹಚ್ಚಲು ಯಾರೇ ಹೇಳಿದರೂ ಒಪ್ಪಬೇಡ. ಆನೆಗಳು ನೀರಿಗೆ ಇಳಿಯುವುದೂ ಆಗಲೇ, ನೀವು ಓಡುವ ದಾರಿಯಲ್ಲೇ.

ಈಗ ನಿಮಗೆ ಬ್ಲೋವರ್ ಇದೆ, ದರಗು ಊದಿ ಹಾಕಲು. ಎಲ್ಲಿ ಬೆಂಕಿ ಬಿದ್ದಿದೆ ಅಂತ ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಉಪಗ್ರಹದ ಮೆಸೇಜು ಫೋನಿಗೆ ಬರುತ್ತದೆ. ಒಳ್ಳೆಯದೇ. ಆದರೆ ಉಪಗ್ರಹ ಮೇಲೆ ಹಾದು ಹೋದಾಗಷ್ಟೇ ನೋಡುತ್ತದೆ, ಆಮೇಲೆ ಹತ್ತಿದ್ದು ಅದಕ್ಕೆ ಗೊತ್ತಿಲ್ಲ. 2019ರಲ್ಲಿ ಬಂಡೀಪುರದಲ್ಲಿ ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿದದ್ದನ್ನು ಟಿವಿಯಲ್ಲಿ ನೋಡಿ ನೀನು ಚಪ್ಪಾಳೆ ಹೊಡೆದಿದ್ದೆ. ನೀರು ಬಿದ್ದ ಮೇಲೂ ಒಳಗೊಳಗೇ ಉರಿಯುವ ಬುಡಗಳನ್ನು ಹುಡುಕಿ ಮಣ್ಣು ಹಾಕುವುದು ನಡೆದು ಹೋದವರೇ.

ಎಲ್ಲ ಬೆಂಕಿಯನ್ನೂ ಹೋಗಿ ಬಡಿಯಬೇಕಾಗಿಲ್ಲ. ಬೆಂಕಿ ದಾಟದ ಹಾಗೆ ಜನವರಿಯಲ್ಲೇ ಸುಟ್ಟು ಬಿಟ್ಟ ಪಟ್ಟಿ, ಫೈರ್ ಲೈನ್, ಎಲ್ಲಿದೆ, ಹಳ್ಳ ಎಲ್ಲಿ ಅಡ್ಡ ಬರುತ್ತದೆ, ನೋಡು. ಆ ಓರೆ ಅಷ್ಟು ಕಡಿದಾಗಿದ್ದರೆ ಅದು ಲೈನಿಗೆ ಬರುವ ತನಕ ಕಾಯಿರಿ. ನಾಲ್ಕು ಎಕರೆ ಜಾಸ್ತಿ ಹೋಗುತ್ತದೆ. ವರದಿಯಲ್ಲಿ ಬರೆಯಲು ಕಷ್ಟ, ಮೇಲಿನವರು ಕೇಳುತ್ತಾರೆ. ಕೇಳಲಿ. 2017ರಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡುಮನೆ ಕಡೆ ಮತ್ತೊಬ್ಬರು. ಆಗ ನೀನು ಪರೀಕ್ಷೆಗೆ ಓದುತ್ತಿದ್ದೆ. ಅವತ್ತಿನ ಪೇಪರನ್ನು ನಿಮ್ಮಮ್ಮನಿಗೆ ಕಾಣದ ಹಾಗೆ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟೆ. ನೀನು ಓದುವುದನ್ನು ಬಿಡಿಸಲು ಅದನ್ನು ತೋರಿಸಲಾ ಅಂತಲೂ ಒಂದು ಗಳಿಗೆ ಅನ್ನಿಸಿತ್ತು. ತೋರಿಸಲಿಲ್ಲ. ಆ ಒಂದು ವಿಷಯಕ್ಕಾದರೂ ನನ್ನನ್ನು ಮೆಚ್ಚಿಕೋ.

ನಿನ್ನ ಖಾಕಿ ಫೋಟೊಗೆ ಕಟ್ಟು ಹಾಕಿಸಿದ್ದೇನೆ. ದೇವರ ಮನೆಯಲ್ಲಿ ಬೇಡ ಅಂತ ನಿಮ್ಮಮ್ಮ, ಹಜಾರದಲ್ಲಿ ತೂಗುಹಾಕಿದ್ದೇವೆ. ಬಂದವರೆಲ್ಲ ಕೇಳುತ್ತಾರೆ. ನಾನು ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳುತ್ತೇನೆ.

ನಡುಗಡ್ಡೆಗಳಲ್ಲಿ ರೀವ ಹಕ್ಕಿ ಮೊಟ್ಟೆ ಇಟ್ಟಿವೆಯಾ? ಬೋಟಿನವನಿಗೆ ತೀರಾ ಹತ್ತಿರ ಹೋಗಬೇಡ ಅಂತ ಹೇಳು.

ಚೀಲದಲ್ಲಿ ಎರಡು ಹತ್ತಿ ಅಂಗಿ ಇವೆ. ತೋಳು ಉದ್ದ ಆಯಿತು ಅಂತ ಗೊಣಗಬೇಡ, ಬೇಕೆಂದೇ ಉದ್ದ ಹೊಲಿಸಿದ್ದು. ನೈಲಾನ್ ಸಾಕ್ಸ್ ಇದ್ದರೆ ಬಿಸಾಡು. ಇನ್ನೊಂದು ಪೊಟ್ಟಣ ಹೋಟೆಲ್ ಮಾವ ಕಳಿಸಿದ್ದು, ಕೋಡುಬಳೆ. ಎಣ್ಣೆ ಜಾಸ್ತಿಯಾಗಿದೆ, ಅವನಿಗೆ ಹೇಳಬೇಡ.

ನಿಮ್ಮ ರೇಂಜರ್ ನಂಬರನ್ನು ನನ್ನ ಫೋನಿನಿಂದ ಅಳಿಸಿದ್ದೇನೆ. ನಿಮ್ಮಮ್ಮನ ಫೋನಿನಲ್ಲಿ ಇದೆ. ಅದಕ್ಕೆ ನಾನೇನೂ ಮಾಡಲಾರೆ.

ನಿನ್ನ ಅಪ್ಪ